ಪ್ರಯೋಗಶಾಲೆ, ಪರದೆ ಮತ್ತು ನ್ಯಾಯಪೀಠ: ವೈಜ್ಞಾನಿಕ ಅಪರಾಧ ಧಾರಾವಾಹಿಯ ವಿಮರ್ಶೆಗೆ ಬೆಂಗಳೂರಿನ ಒಂದು ಅಧ್ಯಾಯ

೧. ಪೀಠಿಕೆ

ಚರಿತ್ರಕಾರನೂ ನ್ಯಾಯಾಧೀಶನೂ ಒಂದೇ ಬಗೆಯ ಕಷ್ಟಕ್ಕೆ ಒಳಗಾದವರು. ವಿಚಾರಣೆಗೆ ಬಂದ ಘಟನೆಯನ್ನು ಇಬ್ಬರೂ ಕಣ್ಣಾರೆ ಕಂಡವರಲ್ಲ. ಉಳಿದು ಬಂದಿರುವ ಕುರುಹುಗಳನ್ನೂ ಆಡಿಹೋದ ಮಾತುಗಳನ್ನೂ ತೂಗಿ ನೋಡಿ, ನಡೆದುದು ಹೀಗಿರಬೇಕೆಂದು ಇಬ್ಬರೂ ನಿರ್ಣಯಿಸಬೇಕಾಗಿದೆ. ಶಾಸನ, ಕಡತ, ಬಾಯಿಮಾತು ಎಂಬ ಆಧಾರಗಳ ತಾರತಮ್ಯವನ್ನು ಪ್ರಸ್ತುತ ಲೇಖಕನು ಒಮ್ಮೆ ತರಗತಿಯಲ್ಲಿ ವಿವರಿಸುತ್ತಿದ್ದಾಗ, ಜಯನಗರದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ‘ಕೊಲೆ ಕೇಸಿನಲ್ಲಿ ಇಷ್ಟೆಲ್ಲ ಯಾಕೆ ಸಾರ್, ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ತಾನಾಗಿಯೇ ಬರುತ್ತದಲ್ಲ’ ಎಂದು ಕೇಳಿದನು. ತರಗತಿ ನಗಲಿಲ್ಲ, ಅನೇಕರು ತಲೆದೂಗಿದರು. ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರ ಅರೆಬರೆಯಾದುದು. ಅದನ್ನು ಪೂರ್ಣಗೊಳಿಸುವ ಪ್ರಯತ್ನವೇ ಈ ಪ್ರಬಂಧ.

ವಿಜ್ಞಾನವನ್ನು ಆಧರಿಸಿದ ಅಪರಾಧ ಧಾರಾವಾಹಿಗಳನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ವಿಪುಲವಾದ ವಿಮರ್ಶೆ ಬೆಳೆದಿದೆ. ನಮ್ಮಲ್ಲಿ ಅಂಥ ವಿಮರ್ಶೆ ಇಲ್ಲವೆಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯ ಸರಿಯಲ್ಲವೆಂದು ನಮ್ಮ ಭಾವನೆ. ವಿಮರ್ಶೆ ನಮ್ಮಲ್ಲಿಯೂ ನಡೆಯಿತು. ಆದರೆ ಅದು ನಡೆದದ್ದು ಪತ್ರಿಕೆಗಳ ಕಲಾವಿಭಾಗದಲ್ಲಿ ಅಲ್ಲ, ನ್ಯಾಯಾಲಯದಲ್ಲಿ ಮತ್ತು ವೈದ್ಯಸಂಸ್ಥೆಗಳಲ್ಲಿ. ಅದರ ರಂಗಭೂಮಿ ಬಹುಮಟ್ಟಿಗೆ ದಕ್ಷಿಣ ಬೆಂಗಳೂರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಹೊಸೂರು ರಸ್ತೆಯ ನಿಮ್ಹಾನ್ಸ್, ಕೋರಮಂಗಲದ ಪೋಲೀಸ್ ಠಾಣೆ, ಕನಕಪುರ ರಸ್ತೆಯ ಕೋಣನಕುಂಟೆ—ಇವೆಲ್ಲವೂ ಕೆಲವೇ ಮೈಲಿಗಳ ಆವರಣದಲ್ಲಿವೆ. ಈ ಕಥೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

೨. ಪರದೆಯ ಮೇಲಿನ ಪ್ರಯೋಗಶಾಲೆ

ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯು ೨೦೦೦ದ ಅಕ್ಟೋಬರ್ ೬ರಂದು ‘ಸಿ.ಎಸ್.ಐ.’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಆಂಥೊನಿ ಜ಼ೈಕರ್ ಅದರ ಸೃಷ್ಟಿಕರ್ತ. ಕಥೆಯ ನೆಲೆ ಲಾಸ್ ವೇಗಾಸ್ ನಗರ. ೨೦೧೫ರವರೆಗೆ ನಡೆದ ಈ ಧಾರಾವಾಹಿಯಲ್ಲಿ ನಾಯಕನ ಸ್ಥಾನ ಪಿಸ್ತೂಲಿಗೆ ಇಲ್ಲ, ಸೂಕ್ಷ್ಮದರ್ಶಕಕ್ಕೆ ಇದೆ. ಒಂದು ಕೂದಲೆಳೆ, ಒಂದು ಹನಿ ರಕ್ತ, ಪಾದರಕ್ಷೆಗೆ ಅಂಟಿದ ಮಣ್ಣು—ಇವು ಮಾತನಾಡುತ್ತವೆ. ಮನುಷ್ಯ ಸುಳ್ಳಾಡಬಹುದು, ವಸ್ತು ಸುಳ್ಳಾಡದು ಎಂಬುದೇ ಅದರ ಧರ್ಮಸೂತ್ರ. ೧೯೭೬ರಿಂದ ೧೯೮೩ರವರೆಗೆ ನಡೆದ ‘ಕ್ವಿನ್ಸಿ’ ಎಂಬ ಧಾರಾವಾಹಿಯಲ್ಲಿ ಮರಣೋತ್ತರ ಪರೀಕ್ಷೆಯ ವೈದ್ಯನನ್ನು ನಾಯಕನನ್ನಾಗಿ ಮಾಡಿದ್ದರೂ, ಪ್ರಯೋಗಶಾಲೆಯನ್ನೇ ದೇವಾಲಯವನ್ನಾಗಿ ಮಾಡಿದ ಕೀರ್ತಿ ‘ಸಿ.ಎಸ್.ಐ.’ಗೆ ಸಲ್ಲಬೇಕು.

ಭಾರತದಲ್ಲಿ ಇದಕ್ಕೆ ಎರಡು ವರ್ಷ ಮುಂಚೆಯೇ, ೧೯೯೮ರ ಜನವರಿಯಲ್ಲಿ, ಬಿ. ಪಿ. ಸಿಂಗ್ ಅವರ ‘ಸಿ.ಐ.ಡಿ.’ ಸೋನಿ ವಾಹಿನಿಯಲ್ಲಿ ಮೊದಲಾಗಿತ್ತು. ಅದು ೨೦೧೮ರ ಅಕ್ಟೋಬರಿನವರೆಗೆ ಅವ್ಯಾಹತವಾಗಿ ನಡೆದು, ೨೦೨೪ರ ಡಿಸೆಂಬರಿನಲ್ಲಿ ಮತ್ತೆ ತಲೆಯೆತ್ತಿತು. ‘ಕರಮಚಂದ್’ (೧೯೮೫), ‘ಬ್ಯೋಮಕೇಶ್ ಬಕ್ಷಿ’ (೧೯೯೩) ಮೊದಲಾದ ಹಿಂದಿನ ಧಾರಾವಾಹಿಗಳಲ್ಲಿ ಪತ್ತೇದಾರನ ಬುದ್ಧಿಯೇ ಬಂಡವಾಳ. ‘ಸಿ.ಐ.ಡಿ.’ಯಲ್ಲಿ ಆ ಬುದ್ಧಿಗೆ ಬೆಂಬಲವಾಗಿ ಡಾ. ಸಾಳುಂಕೆ ಎಂಬ ಪಾತ್ರ ಬಂದಿತು. ಬಣ್ಣಬಣ್ಣದ ದ್ರವಗಳ ನಡುವೆ ನಿಂತು ಕ್ಷಣಮಾತ್ರದಲ್ಲಿ ವರದಿಯನ್ನು ಕೊಡುವ ಈ ವಿಜ್ಞಾನಿಯನ್ನು ಕಂಡು ಬಲ್ಲವರು ನಕ್ಕರು, ಬಾಲಕರು ಮೆಚ್ಚಿದರು. ಆದರೆ ನಗುವಿನಲ್ಲಿ ಒಂದು ಮುಖ್ಯ ಸಂಗತಿ ಮರೆಯಾಯಿತು. ವಿಜ್ಞಾನ ಎಷ್ಟೇ ನೆರವಾಗಲಿ, ‘ಸಿ.ಐ.ಡಿ.’ಯ ಕಥೆ ಮುಗಿಯುತ್ತಿದ್ದುದು ಬಹುಪಾಲು ಆರೋಪಿಯ ತಪ್ಪೊಪ್ಪಿಗೆಯಿಂದ. ಆ ತಪ್ಪೊಪ್ಪಿಗೆ ಬರುತ್ತಿದ್ದುದು ಅನೇಕ ವೇಳೆ ಒಂದು ಕಪಾಳಮೋಕ್ಷದ ಬಳಿಕ. ವಸ್ತುವಿನ ಸಾಕ್ಷ್ಯ ನಮಗೆ ಸಾಲದು. ಅಪರಾಧಿಯ ಬಾಯಿಂದಲೇ ಮಾತು ಹೊರಡಬೇಕು. ಈ ಅಪೇಕ್ಷೆ ಮುಂದಿನ ಚರ್ಚೆಗೆ ಕೀಲಿಕೈ.

ಕನ್ನಡದ ಪರಿಸ್ಥಿತಿ ಇನ್ನೂ ವಿಶಿಷ್ಟವಾದುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಒಂದು ಜನಾಂಗವೇ ನಮ್ಮಲ್ಲಿತ್ತು. ಆದರೆ ವೈಜ್ಞಾನಿಕ ಅಪರಾಧ ಧಾರಾವಾಹಿ ಕನ್ನಡಿಗನ ಮನೆಗೆ ಬಂದದ್ದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಪರಭಾಷೆಯ ಕೃತಿಗಳಿಗೆ ಕನ್ನಡದ ಮಾತನ್ನು ಜೋಡಿಸುವ ಡಬ್ಬಿಂಗ್ ಪದ್ಧತಿಗೆ ಇಲ್ಲಿ ದಶಕಗಳ ಕಾಲ ತಡೆಯಿತ್ತು. ಆ ತಡೆಯು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು ತೀರ್ಮಾನಿಸಿದ್ದು ೨೦೧೫ರ ಜುಲೈ ತಿಂಗಳಿನಲ್ಲಿ. ಅಷ್ಟರವರೆಗೆ ಕನ್ನಡ ವಾಹಿನಿಗಳಲ್ಲಿ ಅಪರಾಧದ ಸ್ಥಳವನ್ನು ತುಂಬಿದ್ದು ಕಲ್ಪಿತ ಕಥೆಯಲ್ಲ, ನಡೆದ ಘಟನೆಗಳ ನಿರೂಪಣೆ. ಈಟೀವಿ ವಾಹಿನಿಯಲ್ಲಿ ಪತ್ರಕರ್ತ ರವಿ ಬೆಳಗೆರೆಯವರು ನಡೆಸಿಕೊಟ್ಟ ‘ಕ್ರೈಂ ಡೈರಿ’ ಇದಕ್ಕೆ ಪ್ರಸಿದ್ಧ ನಿದರ್ಶನ. ಕಥೆಯಲ್ಲಿನ ಪ್ರಯೋಗಶಾಲೆ ಕನ್ನಡದಲ್ಲಿ ಇರಲಿಲ್ಲವಾದ್ದರಿಂದ, ನಿಜವಾದ ಪ್ರಯೋಗಶಾಲೆಯೇ ಪರದೆಯನ್ನು ಏರಿದಾಗ ಅದಕ್ಕೆ ಎದುರಾಳಿ ಇರಲಿಲ್ಲ.

೩. ಅಮೆರಿಕದ ವಿಮರ್ಶೆ

ಪಾಶ್ಚಾತ್ಯ ವಿಮರ್ಶೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. ಮೊದಲು ಬಂದ ಆಕ್ಷೇಪಣೆ ನೀತಿಗೆ ಸಂಬಂಧಿಸಿದುದು: ಹೆಣಗಳನ್ನು ಹೀಗೆ ತೆರೆದು ತೋರಿಸುವುದು ಉಚಿತವೇ? ಎರಡನೆಯದು ಪ್ರಾಸಿಕ್ಯೂಷನ್ ವಕೀಲರದು. ಧಾರಾವಾಹಿಯನ್ನು ನೋಡಿದ ಜೂರಿಗಳು ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಡಿ.ಎನ್.ಎ. ಸಾಕ್ಷ್ಯವನ್ನು ಕೇಳುತ್ತಾರೆ, ಅದು ಇಲ್ಲದಿದ್ದರೆ ಅಪರಾಧಿಗಳನ್ನು ಬಿಟ್ಟುಬಿಡುತ್ತಾರೆ ಎಂದು ಅವರು ದೂರಿದರು. ಇದಕ್ಕೆ ‘ಸಿ.ಎಸ್.ಐ. ಪರಿಣಾಮ’ ಎಂಬ ಹೆಸರು ಬಂದಿತು.

ಈ ದೂರನ್ನು ಪರೀಕ್ಷಿಸಿದವರಲ್ಲಿ ಮಿಷಿಗನ್ ಪ್ರಾಂತದ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್ ಮುಖ್ಯರು. ಅವರು ೨೦೦೬ರಲ್ಲಿ ಜೂರಿ ಕರ್ತವ್ಯಕ್ಕೆ ಬಂದ ೧,೦೨೭ ಮಂದಿಯನ್ನು ಪ್ರಶ್ನಿಸಿದರು. ಪ್ರತಿಯೊಂದು ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ಯಾವುದಾದರೊಂದು ವೈಜ್ಞಾನಿಕ ಸಾಕ್ಷ್ಯವನ್ನು ನಿರೀಕ್ಷಿಸುವವರು ಶೇಕಡ ೪೬ರಷ್ಟು ಇದ್ದರು. ಆದರೆ ಧಾರಾವಾಹಿಯನ್ನು ನೋಡುವವರಿಗೂ ನೋಡದವರಿಗೂ ತೀರ್ಪಿನ ವಿಷಯದಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ಯುಗದ ತಂತ್ರಜ್ಞಾನವೇ ಜನರ ನಿರೀಕ್ಷೆಯನ್ನು ಹೆಚ್ಚಿಸಿದೆಯೆಂದು ಶೆಲ್ಟನ್ ಭಾವಿಸಿದರು. ಯೇಲ್ ವಿಶ್ವವಿದ್ಯಾನಿಲಯದ ನಿಯತಕಾಲಿಕೆಯಲ್ಲಿ ೨೦೦೬ರಲ್ಲಿ ಬರೆದ ಟಾಮ್ ಟೈಲರ್ ಇದಕ್ಕೆ ವಿರುದ್ಧವಾದ ಪರಿಣಾಮವೂ ಸಾಧ್ಯವೆಂದು ತೋರಿಸಿದರು: ವಿಜ್ಞಾನದ ಮೇಲಿನ ಅತಿಯಾದ ನಂಬಿಕೆಯು ಆರೋಪಿಗೆ ಅಲ್ಲ, ಸರ್ಕಾರದ ಪಕ್ಷಕ್ಕೇ ಅನುಕೂಲವಾಗಬಹುದು. ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯು, ಡಿ.ಎನ್.ಎ. ವಿಶ್ಲೇಷಣೆಯೊಂದನ್ನು ಬಿಟ್ಟರೆ ಉಳಿದ ಯಾವ ವಿಧಿವಿಜ್ಞಾನ ಕ್ರಮವೂ ಕುರುಹನ್ನು ನಿರ್ದಿಷ್ಟ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲುದೆಂದು ಕಟ್ಟುನಿಟ್ಟಾಗಿ ಸಿದ್ಧಪಟ್ಟಿಲ್ಲವೆಂದು ಹೇಳಿ, ಚರ್ಚೆಯನ್ನು ಪರದೆಯಿಂದ ಪ್ರಯೋಗಶಾಲೆಗೇ ತಂದಿತು.

ಈ ವಿಮರ್ಶೆಯನ್ನು ಹಾಗೆಯೇ ಎತ್ತಿ ನಮ್ಮ ದೇಶಕ್ಕೆ ಅನ್ವಯಿಸಲು ಬಾರದು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಇಲ್ಲಿ ಜೂರಿ ಪದ್ಧತಿ ಅಳಿದಿತ್ತು. ನಮ್ಮ ವೀಕ್ಷಕನು ತೀರ್ಪುಗಾರನಲ್ಲ. ಆದರೆ ಅವನೇ ಸಾರ್ವಜನಿಕ; ಅವನ ಆಕ್ರೋಶಕ್ಕೆ ಪೋಲೀಸರೂ ಮಂತ್ರಿಗಳೂ ಉತ್ತರ ಹೇಳಬೇಕು. ಪರಿಣಾಮವನ್ನು ಹುಡುಕುವುದಾದರೆ ನಾವು ಹುಡುಕಬೇಕಾದ ಸ್ಥಳ ಠಾಣೆ, ನ್ಯಾಯಪೀಠವಲ್ಲ.

೪. ಮಂಪರಿನ ಚರಿತ್ರೆ

ಮದ್ದಿನಿಂದ ಸತ್ಯವನ್ನು ಹೊರಡಿಸುವ ವಿಚಾರ ಬೆಂಗಳೂರಿನದಲ್ಲ. ಅಮೆರಿಕದ ಟೆಕ್ಸಾಸ್ ಪ್ರಾಂತದ ಪ್ರಸೂತಿ ವೈದ್ಯ ರಾಬರ್ಟ್ ಹೌಸ್, ಹೆರಿಗೆಯ ನೋವನ್ನು ತಗ್ಗಿಸಲು ಕೊಡುತ್ತಿದ್ದ ಸ್ಕೋಪೋಲಮಿನ್ ಎಂಬ ಔಷಧದ ಪ್ರಭಾವದಲ್ಲಿ ಸ್ತ್ರೀಯರು ಪ್ರಶ್ನೆಗಳಿಗೆ ಸರಿಯಾದ ಉತ್ತರಗಳನ್ನು ಕೊಡುವುದನ್ನು ಗಮನಿಸಿದನು. ೧೯೨೨ರಲ್ಲಿ ಡಲ್ಲಾಸ್ ಸೆರೆಮನೆಯ ಇಬ್ಬರು ಬಂದಿಗಳ ಮೇಲೆ ಅದನ್ನು ಪ್ರಯೋಗಿಸಿದನು. ನಿರಪರಾಧಿಗಳಿಗೆ ತಮ್ಮ ನಿರಪರಾಧವನ್ನು ಸಾಧಿಸಲು ಸಹಾಯವಾಗಲೆಂಬುದು ಅವನ ಉದ್ದೇಶವಾಗಿತ್ತೆಂಬುದನ್ನು ನಾವು ಮರೆಯಬಾರದು. ಮುಂದೆ ಬಾರ್ಬಿಟ್ಯುರೇಟ್ ವರ್ಗದ ಔಷಧಗಳು ಬಂದವು. ೧೯೬೩ರಲ್ಲಿ ಟೌನ್‌ಸೆಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಔಷಧದ ಪರಿಣಾಮವಾಗಿ ಬಂದ ತಪ್ಪೊಪ್ಪಿಗೆಯನ್ನು ಸ್ವೀಕರಿಸಲಾಗದೆಂದಿತು. ಅಲ್ಲಿ ಬಹುಮಟ್ಟಿಗೆ ಮುಗಿದುಹೋದ ಈ ಅಧ್ಯಾಯ ನಾಲ್ಕು ದಶಕಗಳ ಅನಂತರ ಮಡಿವಾಳದಲ್ಲಿ ಮತ್ತೆ ತೆರೆಯಿತು.

ಕ್ರಮ ಹೀಗೆ: ಶಂಕಿತನನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಅರಿವಳಿಕೆ ವೈದ್ಯರ ಸಮಕ್ಷಮದಲ್ಲಿ ಸೋಡಿಯಂ ಪೆಂಟೊಥಾಲ್ ಔಷಧವನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಅವನು ನಿದ್ರೆಗೂ ಎಚ್ಚರಕ್ಕೂ ನಡುವಣ ಸ್ಥಿತಿಯನ್ನು ಸೇರಿದಾಗ ಮನಶ್ಶಾಸ್ತ್ರಜ್ಞರು ಪ್ರಶ್ನಿಸುತ್ತಾರೆ. ಎಲ್ಲವನ್ನೂ ಚಿತ್ರೀಕರಿಸುತ್ತಾರೆ. ನಮ್ಮ ಪತ್ರಿಕೆಗಳು ಇದಕ್ಕೆ ‘ಮಂಪರು ಪರೀಕ್ಷೆ’ ಎಂದು ಹೆಸರಿಟ್ಟವು. ಅನುವಾದದ ದೃಷ್ಟಿಯಿಂದ ಇದು ಸೊಗಸಾದ ಮಾತು. ಆದರೆ ಅದರ ಸೊಗಸೇ ಒಂದು ಅಪಾಯವನ್ನು ತಂದಿತೆಂದು ಹೇಳಬೇಕಾಗಿದೆ. ಮಧ್ಯಾಹ್ನದ ಊಟವಾದ ಮೇಲೆ ಅಜ್ಜನಿಗೆ ಬರುವ ಮಂಪರು ನಿರಪಾಯಕರವಾದುದು. ರಕ್ತನಾಳದ ಮೂಲಕ, ಸಮ್ಮತಿಯಿಲ್ಲದೆ, ಬಂಧನದಲ್ಲಿರುವವನ ಮೇಲೆ ಹೇರಿದ ಮಂಪರು ಬೇರೆಯೇ ವಸ್ತು. ಹೆಸರು ಮನೆಯದಾದುದರಿಂದ ಕ್ರಿಯೆಯೂ ಮನೆಯದೆಂಬಂತೆ ಕಂಡಿತು.

ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಖೋಟಾ ಛಾಪಾಕಾಗದದ ಹಗರಣದಲ್ಲಿ ಅವನನ್ನು ೨೦೦೩ರಲ್ಲಿ ಬೆಂಗಳೂರಿನಲ್ಲಿ ಈ ಪರೀಕ್ಷೆಗೆ ಒಳಪಡಿಸಲಾಯಿತು. ೨೦೦೬ರಲ್ಲಿ ಆ ಚಿತ್ರಮುದ್ರಿಕೆ ಹೊರಬಿದ್ದು ಖಾಸಗಿ ವಾಹಿನಿಯಲ್ಲಿ ಪ್ರಸಾರವಾಯಿತು. ೨೦೦೮ರಲ್ಲಿ ದೆಹಲಿಯ ಬಳಿಯ ನೊಯ್ಡಾದ ಕೊಲೆ ಪ್ರಕರಣದಲ್ಲಿ ಶಂಕಿತನೊಬ್ಬನನ್ನು ಪರೀಕ್ಷೆಗಾಗಿ ಬೆಂಗಳೂರಿಗೆ ಕರೆತಂದರು. ಆ ಪ್ರಕರಣದ ಪರೀಕ್ಷೆಗಳ ದೃಶ್ಯಗಳೂ ಜನರ ಮುಂದೆ ಬಂದವು. ಮಂಚದ ಮೇಲೆ ಮಲಗಿ ತೊದಲುವ ಮನುಷ್ಯ, ಪ್ರಶ್ನಿಸುವ ದನಿ, ಕೆಳಗೆ ಓಡುವ ಅಕ್ಷರಸಾಲು—ಇದೇ ನಮ್ಮ ದೇಶದ ಅತ್ಯಂತ ಜನಪ್ರಿಯ ವೈಜ್ಞಾನಿಕ ಅಪರಾಧ ನಾಟಕವಾಯಿತು. ಇದರಲ್ಲಿ ನಟರಿಲ್ಲ, ಇದ್ದುದು ಇನ್ನೂ ವಿಚಾರಣೆಗೆ ಬಾರದ ಮನುಷ್ಯರು. ನೊಯ್ಡಾದ ಆ ಶಂಕಿತರ ವಿರುದ್ಧ ಸಾಕಷ್ಟು ಸಾಕ್ಷ್ಯ ದೊರೆಯದೆ ಅವರು ಹೊರಬಂದರು. ಆದರೆ ಅವರ ತೊದಲು ಮಾತನ್ನು ದೇಶವೆಲ್ಲ ಕೇಳಿಯಾಗಿತ್ತು.

೫. ವಿಮರ್ಶೆಯ ಮೂರು ನೆಲೆಗಳು

ಈ ನಾಟಕಕ್ಕೆ ಬಂದ ವಿಮರ್ಶೆಯನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ವಿಧಿವಿಜ್ಞಾನದ ಒಳಗಿನಿಂದಲೇ ಎದ್ದ ದನಿ. ತಮಿಳುನಾಡು ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಪಿ. ಚಂದ್ರಶೇಖರನ್ ಅವರು ೧೯೯೧ರ ಮೇ ೨೧ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಹತ್ಯೆ ನಡೆದ ಸ್ಥಳದಲ್ಲಿ ಚದುರಿಬಿದ್ದ ಬಟ್ಟೆಯ ತುಂಡು, ತಂತಿ, ದೇಹದ ಅವಶೇಷಗಳನ್ನು ಒಂದುಗೂಡಿಸಿ, ಸ್ಫೋಟಕವನ್ನು ಸೊಂಟಪಟ್ಟಿಯಾಗಿ ಧರಿಸಿದ್ದವಳು ಒಬ್ಬ ಸ್ತ್ರೀಯೆಂದು ಸ್ಥಾಪಿಸಿದವರು. ಸ್ಥಳದಲ್ಲಿ ಮೃತನಾದ ಛಾಯಾಗ್ರಾಹಕನ ಕ್ಯಾಮೆರಾದಲ್ಲಿ ಉಳಿದಿದ್ದ ಚಿತ್ರಗಳೂ ಸೇರಿ ತನಿಖೆಯ ದಾರಿ ತೆರೆಯಿತು. ಆ ದಾರಿ ಬಂದು ಮುಗಿದದ್ದು ದಕ್ಷಿಣ ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ೧೯೯೧ರ ಆಗಸ್ಟ್ ೨೦ರಂದು ಕಮಾಂಡೋಗಳು ಒಳಹೊಕ್ಕಾಗ ಶಿವರಾಸನ್ ಮತ್ತು ಅವನ ಸಂಗಡಿಗರು ಜೀವಂತವಾಗಿರಲಿಲ್ಲ. ಎ. ಎಂ. ಆರ್. ರಮೇಶ್ ಅವರ ‘ಸೈನೈಡ್’ (೨೦೦೬) ಎಂಬ ಕನ್ನಡ ಚಲನಚಿತ್ರಕ್ಕೆ ಆ ಮನೆಯ ಕಡೆಯ ದಿನಗಳೇ ವಸ್ತು. ವಸ್ತುಸಾಕ್ಷ್ಯದ ಶಕ್ತಿಯನ್ನು ಹೀಗೆ ತೋರಿಸಿಕೊಟ್ಟ ಚಂದ್ರಶೇಖರನ್ ಅವರೇ ಮುಂದೆ ಮಂಪರು ಪರೀಕ್ಷೆಯ ಕಟುವಿಮರ್ಶಕರಾದರು. ಇದು ವಿಜ್ಞಾನವಲ್ಲ, ಠಾಣೆಯ ಹಿಂಸೆಯದೇ ಮನೋವೈಜ್ಞಾನಿಕ ರೂಪವೆಂಬುದು ಅವರ ವಾದ. ವಿಜ್ಞಾನವನ್ನು ಬಲ್ಲವರೇ ವಿಜ್ಞಾನದ ಹೆಸರಿನ ದುರುಪಯೋಗವನ್ನು ಮೊದಲು ಕಂಡರೆಂಬುದು ಗಮನಾರ್ಹ.

ಎರಡನೆಯದು ವೈದ್ಯಶಾಸ್ತ್ರದ ನೆಲೆ. ಮಂಪರು ಪರೀಕ್ಷೆಯ ಜೊತೆಯಲ್ಲಿಯೇ ಮಿದುಳಿನ ವಿದ್ಯುತ್ ಸ್ಪಂದನಗಳನ್ನು ಅಳೆದು, ಅಪರಾಧದ ಅನುಭವ ನೆನಪಿನಲ್ಲಿದೆಯೇ ಎಂದು ಹೇಳುವ ಕ್ರಮವೊಂದು ಬಳಕೆಗೆ ಬಂದಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಇದನ್ನು ರೂಪಿಸಿದವರು. ೨೦೦೮ರ ಜೂನ್ ತಿಂಗಳಿನಲ್ಲಿ ಪುಣೆಯ ನ್ಯಾಯಾಲಯವೊಂದು ಇಂಥ ವರದಿಯನ್ನೂ ಆಧಾರವಾಗಿಟ್ಟುಕೊಂಡು ಕೊಲೆಯ ಆರೋಪದಲ್ಲಿ ಶಿಕ್ಷೆಯನ್ನು ವಿಧಿಸಿದಾಗ ಲೋಕದ ವಿಜ್ಞಾನಿಗಳು ಬೆರಗಾದರು. ಅದೇ ವರ್ಷ, ನಿಮ್ಹಾನ್ಸ್ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು ಮಿದುಳಿನ ಈ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದೂ ಅವನ್ನು ನ್ಯಾಯಾಲಯದ ಸಾಕ್ಷ್ಯವಾಗಿ ಬಳಸಬಾರದೆಂದೂ ಅಭಿಪ್ರಾಯಪಟ್ಟಿತು. ಒಂದೇ ಸಂಸ್ಥೆಯ ಪರಂಪರೆಯಿಂದ ಪೂರ್ವಪಕ್ಷವೂ ಸಿದ್ಧಾಂತವೂ ಹೊರಟವು. ತನ್ನನ್ನು ತಾನೇ ತಿದ್ದಿಕೊಳ್ಳುವ ಈ ಗುಣವನ್ನು ಯಾವ ಧಾರಾವಾಹಿಯ ಪ್ರಯೋಗಶಾಲೆಯಲ್ಲಿಯೂ ನಾವು ಕಾಣಲಾರೆವು. ಅಲ್ಲಿ ವರದಿ ಬಂದಿತೆಂದರೆ ಚರ್ಚೆ ಮುಗಿಯಿತು. ಇಲ್ಲಿ ವರದಿ ಬಂದ ಮೇಲೆಯೇ ಚರ್ಚೆ ಆರಂಭವಾಗುತ್ತದೆ.

ಮೂರನೆಯದು, ನಿರ್ಣಾಯಕವಾದುದು, ನ್ಯಾಯಪೀಠದ ವಿಮರ್ಶೆ. ಇದರ ಹಿನ್ನೆಲೆಯನ್ನು ಅರಿಯಲು ೧೮೭೨ರ ಸಾಕ್ಷ್ಯ ಕಾಯಿದೆಗೆ ಹೋಗಬೇಕು. ಅದನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್, ಭಾರತದ ಅಧಿಕಾರಿಯೊಬ್ಬನು ತನಗೆ ಹೇಳಿದ ಮಾತನ್ನು ಮುಂದೆ ದಾಖಲಿಸಿದ್ದಾನೆ. ಬಿಸಿಲಿನಲ್ಲಿ ಅಲೆದು ಸಾಕ್ಷ್ಯವನ್ನು ಹುಡುಕುವುದಕ್ಕಿಂತ ನೆರಳಿನಲ್ಲಿ ಕುಳಿತು ಬಡವನ ಕಣ್ಣಿಗೆ ಮೆಣಸಿನ ಪುಡಿ ಹಾಕುವುದು ಸುಲಭವೆಂಬುದು ಅದರ ತಾತ್ಪರ್ಯ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಲಾಗದೆಂಬ ೨೫ನೆಯ ಪ್ರಕರಣದ ಹಿಂದೆ ಇದ್ದುದು ಈ ಅನುಭವವೇ. ತಪ್ಪೊಪ್ಪಿಗೆಯ ಫಲವಾಗಿ ಯಾವುದಾದರೂ ವಸ್ತು ಸಿಕ್ಕಿದರೆ ಅಷ್ಟರಮಟ್ಟಿಗೆ ಅದು ಗ್ರಾಹ್ಯವೆಂದು ೨೭ನೆಯ ಪ್ರಕರಣ ಹೇಳಿತು. ಸಂವಿಧಾನದ ೨೦ನೆಯ ಅನುಚ್ಛೇದದ ೩ನೆಯ ಖಂಡವು ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಯಾವ ಆರೋಪಿಯನ್ನೂ ಬಲಾತ್ಕರಿಸಕೂಡದೆಂದು ಸಾರಿತು. ಬೆರಳಚ್ಚು, ಕೈಬರಹಗಳನ್ನು ಪಡೆಯುವುದು ಇಂಥ ಬಲಾತ್ಕಾರವಲ್ಲವೆಂದು ೧೯೬೧ರ ಕಾಥಿ ಕಾಲು ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತ್ತು. ಹಾಗಾದರೆ ಮಂಪರಿನ ಮಾತು ಬೆರಳಚ್ಚಿನಂತೆ ದೇಹದ ಕುರುಹೋ, ಸಾಕ್ಷಿಯ ನುಡಿಯೋ? ಪ್ರಶ್ನೆಯ ತಿರುಳು ಇದೇ.

೨೦೦೪ರಲ್ಲಿ ಬೊಂಬಾಯಿ ಹೈಕೋರ್ಟು ರಾಮಚಂದ್ರ ರೆಡ್ಡಿ ಮೊಕದ್ದಮೆಯಲ್ಲಿ ಪರೀಕ್ಷೆಗೆ ಅನುಕೂಲವಾಗಿ ತೀರ್ಪಿತ್ತಿತು. ಅದೇ ವರ್ಷ ಕೋರಮಂಗಲ ಠಾಣೆಯ ಮೊಕದ್ದಮೆಯೊಂದರಲ್ಲಿ ಸೆಲ್ವಿ ಮತ್ತಿತರರು ತಮ್ಮ ಮೇಲೆ ಈ ಪರೀಕ್ಷೆಗಳನ್ನು ಹೇರಬಾರದೆಂದು ಕೇಳಿದಾಗ ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ. ಮೇಲ್ಮನವಿ ದೆಹಲಿಗೆ ಹೋಯಿತು. ೨೦೧೦ರ ಮೇ ೫ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಾಂಚಾಲ್ ಅವರ ಪೀಠವು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ತೀರ್ಪನ್ನು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ—ಈ ಮೂರನ್ನೂ ವ್ಯಕ್ತಿಯ ಸಮ್ಮತಿಯಿಲ್ಲದೆ ನಡೆಸಕೂಡದು. ಬಲಾತ್ಕಾರದ ಪರೀಕ್ಷೆ ೨೦(೩)ನೆಯ ಮತ್ತು ೨೧ನೆಯ ಅನುಚ್ಛೇದಗಳಿಗೆ ವಿರುದ್ಧ. ಸಮ್ಮತಿಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿಯೇ ಸಾಕ್ಷ್ಯವಾಗದು. ಅದರ ಸಹಾಯದಿಂದ ಮುಂದೆ ದೊರೆತ ವಸ್ತು ಅಥವಾ ಮಾಹಿತಿ ೨೭ನೆಯ ಪ್ರಕರಣದಂತೆ ಗ್ರಾಹ್ಯವಾಗಬಹುದು. ಸಮ್ಮತಿಯನ್ನು ವಕೀಲರ ನೆರವಿನೊಡನೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕೆಂಬ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ೨೦೦೦ದ ಸೂತ್ರಗಳನ್ನು ಪಾಲಿಸಬೇಕೆಂದೂ ಪೀಠವು ವಿಧಿಸಿತು. ಶಿಕ್ಷೆಯಾಗದಿದ್ದರೂ ಪೋಲೀಸರ ಕಾವಲು, ಕಿರುಕುಳ ಮೊದಲಾದ ಪರಿಣಾಮಗಳಿಗೆ ವ್ಯಕ್ತಿ ಗುರಿಯಾಗಬಹುದೆಂಬುದನ್ನೂ ತೀರ್ಪು ಗಮನಿಸಿತು.

ಈ ತೀರ್ಪನ್ನು ಕಾನೂನಿನ ದಾಖಲೆಯೆಂದು ಮಾತ್ರ ಓದುವುದು ವಾಡಿಕೆ. ಅದನ್ನು ಒಂದು ಕಥನದ ವಿಮರ್ಶೆಯೆಂದೂ ಓದಬಹುದೆಂದು ನಮ್ಮ ಸೂಚನೆ. ‘ಸಿ.ಎಸ್.ಐ.’ ವಸ್ತುವನ್ನು ನಂಬಿತು. ‘ಸಿ.ಐ.ಡಿ.’ ವಸ್ತುವನ್ನೂ ತಪ್ಪೊಪ್ಪಿಗೆಯನ್ನೂ ನಂಬಿತು. ಮಂಪರು ಪರೀಕ್ಷೆಯಾದರೋ ತಪ್ಪೊಪ್ಪಿಗೆಗೇ ವಸ್ತುಸಾಕ್ಷ್ಯದ ವೇಷವನ್ನು ತೊಡಿಸಿತು. ಮೆಣಸಿನ ಪುಡಿಯ ಸ್ಥಾನದಲ್ಲಿ ಪೆಂಟೊಥಾಲ್, ಜಮಾದಾರನ ಸ್ಥಾನದಲ್ಲಿ ಬಿಳಿಯ ಅಂಗಿಯ ತಜ್ಞ ಬಂದರು. ನೆರಳಿನಲ್ಲಿ ಕುಳಿತಿರುವ ಸ್ಥಿತಿ ಮಾತ್ರ ಬದಲಾಗಲಿಲ್ಲ. ವೇಷವನ್ನು ಕಳಚಿ ಒಳಗಿನ ರೂಪವನ್ನು ತೋರಿಸಿದುದೇ ೨೦೧೦ರ ತೀರ್ಪಿನ ಮಹತ್ವ.

೬. ಉಪಸಂಹಾರ

ಚರ್ಚೆ ಮುಗಿದಿದೆಯೆಂದು ಹೇಳುವಂತಿಲ್ಲ. ಪಟ್ನಾ ಹೈಕೋರ್ಟು ಇಂಥ ಪರೀಕ್ಷೆಗೆ ಎಡೆಮಾಡಿಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟು ೨೦೨೫ರ ಜೂನ್ ತಿಂಗಳಿನಲ್ಲಿ ಅಮ್ಲೇಶ್ ಕುಮಾರ್ ಮೊಕದ್ದಮೆಯಲ್ಲಿ ರದ್ದುಪಡಿಸಿ, ಸೆಲ್ವಿ ತೀರ್ಪನ್ನು ಮತ್ತೆ ನೆನಪಿಸಬೇಕಾಯಿತು. ಬಂಧನದಲ್ಲಿರುವವನು ಕೊಡುವ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರವಾದುದೆಂಬ ಪ್ರಶ್ನೆಯೂ ಉಳಿದೇ ಇದೆ. ಬೇಡವೆಂದವನನ್ನು ಪತ್ರಿಕೆಗಳೂ ವಾಹಿನಿಗಳೂ ತಪ್ಪಿತಸ್ಥನೆಂದೇ ಕಾಣುವ ಸಂಭವವಿರುವಾಗ, ಬೇಡವೆನ್ನುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ನಿಲ್ಲಬಹುದು.

ಇನ್ನೊಂದು ಕಡೆ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೬ನೆಯ ಪ್ರಕರಣವು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾಸ್ಥಳಕ್ಕೆ ಹೋಗಿ ಸಾಕ್ಷ್ಯವನ್ನು ಸಂಗ್ರಹಿಸಬೇಕೆಂದು ವಿಧಿಸಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಪೋಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕುರಿತ ಹಳೆಯ ನಿಷೇಧವೂ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಪ್ರಕರಣವಾಗಿ ಮುಂದುವರಿದಿದೆ. ನೆರಳನ್ನು ಬಿಟ್ಟು ಬಿಸಿಲಿಗೆ ಹೊರಡಬೇಕೆಂಬ ಆದೇಶವಿದು. ತಜ್ಞರ ಸಂಖ್ಯೆ, ಸಲಕರಣೆ, ಕಾಲಮಿತಿ—ಇವು ಒದಗಿದರೆ ಮಾತ್ರ ಆದೇಶ ಸಾರ್ಥಕವಾದೀತು.

ಆ ವಿದ್ಯಾರ್ಥಿಗೆ ಅಂದು ಹೇಳದೆ ಉಳಿದ ಉತ್ತರವನ್ನು ಈಗ ಹೇಳಬಹುದು. ಮಂಪರಿನಲ್ಲಿ ಬರುವುದು ಸತ್ಯವಲ್ಲ, ಮಾತು. ಮಾತಿನಲ್ಲಿ ನೆನಪಿರುತ್ತದೆ, ಭಯವಿರುತ್ತದೆ, ಕಲ್ಪನೆಯಿರುತ್ತದೆ, ಪ್ರಶ್ನಿಸಿದವನ ಸೂಚನೆಯೂ ಇರುತ್ತದೆ. ಅದನ್ನು ಬೇರೆ ಆಧಾರಗಳೊಡನೆ ಹೋಲಿಸಿ ನೋಡುವ ಶ್ರಮವನ್ನು ಯಾವ ಔಷಧವೂ ತಪ್ಪಿಸಲಾರದು. ರಾಜನ ಪ್ರಶಸ್ತಿಯನ್ನು ಓದಿ ‘ಇದು ಶಾಸನದಲ್ಲಿದೆ, ಆದಕಾರಣ ನಿಜ’ ಎಂದು ಬರೆಯುವ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ನಾವು ಅಂಕಗಳನ್ನು ಕಡಿಮೆ ಮಾಡುತ್ತೇವೆ. ಪರದೆಯ ಮೇಲೆ ತೊದಲುವ ಮನುಷ್ಯನನ್ನು ನೋಡುವಾಗಲೂ ಅದೇ ಎಚ್ಚರ ನಮ್ಮಲ್ಲಿರಬೇಕು. ಉತ್ತರಪತ್ರಿಕೆಯಲ್ಲಿ ತಪ್ಪಿದರೆ ಹೋಗುವುದು ಅಂಕ. ಅಲ್ಲಿ ತಪ್ಪಿದರೆ ಹೋಗುವುದು ಒಬ್ಬ ಮನುಷ್ಯನ ಬಾಳು.